ತಮಟೆಯವರು, ಸೌಂಡ್ಸ್‌ನವರು, ಸಂಶೋಧಕರು: ಒಂದೆಡೆ ಸೇರಿಸುವುದು ಹೇಗೆ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ತಮಟೆ ಬಾರಿಸುವವರು, ಡೀಜೆ ಸೆಟ್ ಕಟ್ಟುವ ಸೌಂಡ್ಸ್‌ನವರು, ಬೇಸ್ (ತಗ್ಗಿನ ದನಿ) ಸಂಗೀತದ ಮೇಲೆ ಸಂಶೋಧನೆ ಮಾಡುವವರು ಎಲ್ಲರೂ ಇದ್ದಾರೆ, ಒಬ್ಬರಿಗೊಬ್ಬರ ಪರಿಚಯವಿಲ್ಲ, ವಿಚಾರ ಸಂಕಿರಣದಿಂದ ಶುರು ಮಾಡಲೇ ಎಂದು ಕೇಳಿದ್ದೀರಿ.

ಸಂಕಿರಣ ಬೇಡ. ಹಾರ, ವೇದಿಕೆ ಬಂದ ಕೂಡಲೇ ತಮಟೆಯವರು ಬಾಗಿಲಲ್ಲಿ ಸ್ವಾಗತಕ್ಕೆ ನಿಲ್ಲುತ್ತಾರೆ, ಮಾತು ಶುರುವಾದಾಗ ಹೊರಗೇ ಉಳಿಯುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದರೂ ಈ ಅಭ್ಯಾಸ ಹೋಗಿಲ್ಲ. ನೀವಾದರೂ ಬಿಡಿ.

ಮೊದಲ ಸಲಕ್ಕೆ 15 ಜನ ಸಾಕು. ಆಷಾಢದಲ್ಲಿ ಇಟ್ಟುಕೊಳ್ಳಿ. ಮದುವೆ ಇರುವುದಿಲ್ಲ, ಸೌಂಡ್ಸ್‌ನವರ ಗೋಡೌನಿನಲ್ಲಿ ಬಾಕ್ಸುಗಳು ಸುಮ್ಮನೆ ಕೂತಿರುತ್ತವೆ. ಗಣೇಶನ ಹಬ್ಬ ಹತ್ತಿರ ಬಂತೆಂದರೆ ಅವರು ಕೈಗೆ ಸಿಗುವುದಿಲ್ಲ. ಜಾಗವೂ ಆ ಗೋಡೌನೇ ಆಗಲಿ.

ಮೊದಲ ಒಂದು ಗಂಟೆ ಭಾಷಣ ಬೇಡ, ಕಿವಿಗೆ ಕೆಲಸ ಕೊಡಿ. 18 ಇಂಚಿನ ಎರಡು ಬೇಸ್ ಬಾಕ್ಸ್ ಅಕ್ಕಪಕ್ಕ ಇಟ್ಟು 50 ಹರ್ಟ್ಸ್ ಟೋನ್, ಅಂದರೆ ಒಂದೇ ಸಮನಾದ ತಗ್ಗಿನ ದನಿ, ಸಣ್ಣಗೆ ಬಿಡಿ. ಎದೆ ಗುಂಯ್ ಎನ್ನುತ್ತದೆ. ಆಂಪ್ ಆರಿಸಿ, ಒಂದು ಬಾಕ್ಸಿನ ಪ್ಲಸ್ ಮೈನಸ್ ಅದಲು ಬದಲು ಮಾಡಿ ಮತ್ತೆ ಹಾಕಿ. ಎರಡೂ ಸ್ಪೀಕರಿನ ಕೋನ್ ಅಲ್ಲಾಡುತ್ತಿರುತ್ತವೆ, ಬೇಸ್ ಮಾತ್ರ ಮಾಯ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಅಷ್ಟೆ. ತಂತಿ ಸರಿಮಾಡಿ, ಗಟ್ಟಿ ಗೋಡೆಯಿಂದ ಒಂದೊಂದೇ ಹೆಜ್ಜೆ ಹಿಂದೆ ಬನ್ನಿ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 6.9 ಮೀಟರ್, ಅದರ ಕಾಲು ಭಾಗ 1.7 ಮೀಟರ್. ಗೋಡೆಯಿಂದ ಅಷ್ಟು ದೂರದ ಆಸುಪಾಸಿನಲ್ಲಿ ಬೇಸ್ ಕುಗ್ಗುತ್ತದೆ. ಸೌಂಡ್ಸ್‌ನವರಿಗೆ ಇದು ಕಾಲಿನಿಂದ ಗೊತ್ತು, ಸಂಶೋಧಕರಿಗೆ ಕಾಗದದ ಮೇಲೆ ಗೊತ್ತು. ಪರಿಚಯ ಆಗುವುದು ಇಲ್ಲೇ. ಟೋನನ್ನು ಜೋರಾಗಿ ಬಹಳ ಹೊತ್ತು ಬಿಟ್ಟರೆ ಸ್ಪೀಕರಿನೊಳಗಿನ ಕಾಯಿಲ್ ಸುಟ್ಟುಹೋಗುತ್ತದೆ, ಜೋಕೆ. ಬೇಸನ್ನೇ ಮುಂದಿಡುವ ಜಮೈಕಾದ ಡಬ್ ಸಂಗೀತವನ್ನು ರೂಪಿಸಿದ ಕಿಂಗ್ ಟಬ್ಬಿ ಕೂಡ ಎಲೆಕ್ಟ್ರಾನಿಕ್ಸ್ ರಿಪೇರಿಯವರೇ. ಬಾಕ್ಸ್ ಕಟ್ಟುವವರನ್ನು ಕಲಾವಿದರೆಂದೇ ಕರೆಯಿರಿ.

ಆಮೇಲೆ ತಮಟೆ. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗಿರುತ್ತದೆ. ಅಂಗಳದಲ್ಲಿ ಹುಲ್ಲು ಉರಿಸಿ ಕಾಯಿಸುವ ಮೊದಲು ಒಂದು, ಕಾಯಿಸಿದ ಮೇಲೆ ಒಂದು, ಎರಡು ರೆಕಾರ್ಡಿಂಗ್ ಮಾಡಿ. ಚರ್ಮ ಎಷ್ಟು ಬಿಸಿಯಾಗಬೇಕು ಎಂಬುದನ್ನು ಬಾರಿಸುವವರೇ ಹೇಳಲಿ. ಮೊಬೈಲ್ ಬೇಡ, ಅದು ಲೆವೆಲ್ಲನ್ನು ತಾನೇ ಏರಿಳಿಸಿ ಪೆಟ್ಟನ್ನು ಚಪ್ಪಟೆ ಮಾಡುತ್ತದೆ. ರೆಕಾರ್ಡರ್‌ನಲ್ಲಿ 24 ಬಿಟ್, 48 ಕಿಲೋಹರ್ಟ್ಸ್, ಅತಿ ಜೋರು ಪೆಟ್ಟು ಅದರ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಿರಲಿ.

ಸೌಂಡ್ಸ್‌ನವರು ಮತ್ತೆ ಬರಬೇಕಾದರೆ ಅವರಿಗೂ ಉಪಯೋಗ ಆಗಬೇಕು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ಆದರೆ ಅದು ತಗ್ಗಿನ ದನಿಯನ್ನು ಕಡಿಮೆ ಎಣಿಸುವ ‘ಎ’ ಅಳತೆ, 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬಲ್ ಕಡಿಮೆ ತೋರಿಸುತ್ತದೆ. ಪಕ್ಕದ ಮನೆಯ ಕಿಟಕಿ ಅದುರಿದರೂ ಮೀಟರಿಗೆ ಅಷ್ಟಾಗಿ ಕಾಣುವುದಿಲ್ಲ. ಸಂಶೋಧಕರು ಬೇಸನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ ‘ಸಿ’ ಅಳತೆಯನ್ನೂ ಜೊತೆಗೆ ಬರೆದು, ಯಾವ ಬಾಕ್ಸ್ ಎತ್ತ ತಿರುಗಿಸಿದರೆ ಎಷ್ಟು ಇಳಿಯಿತು ಎಂದು ಸೌಂಡ್ಸ್‌ನವರ ಕೈಗೇ ಕೊಡಲಿ.

ಸಂಭಾವನೆ ಉಪನ್ಯಾಸಕರಿಗೆ ಎಷ್ಟೋ ತಮಟೆಯವರಿಗೂ ಅಷ್ಟೇ, ಊಟಕ್ಕೆ ಮುಂಚೆಯೇ ಕೈಗೆ ಸೇರಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳಿ. ರೆಕಾರ್ಡಿಂಗ್ ಅಂದೇ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಕಳಿಸಿ.

ಎರಡನೇ ಭೇಟಿ ತಮಟೆಯವರ ಊರಿನಲ್ಲಿ ಆಗಲಿ. ಅಷ್ಟರೊಳಗೆ ಕೋಲಾರದ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಯುವ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ಒಮ್ಮೆ ಹೋಗಿ, ರೆಕಾರ್ಡರ್ ಬ್ಯಾಗಿನಲ್ಲೇ ಇಟ್ಟು, ಜನರ ನಡುವೆ ಕೂತು ಕೇಳಿ ಬನ್ನಿ.