ಬೋರ್ ನಿಂತಿದೆ, ಟ್ಯಾಂಕರ್ ನೀರೇ ಗತಿ ಅಂದಾಗ ತಾರಸಿ ತೋಟ ಉಳಿಸಿಕೊಳ್ಳೋದು

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ 30x40 ಮನೆ, ಕಾವೇರಿ ಸಂಪರ್ಕ ಇಲ್ಲ, ಬೋರ್‌ನಲ್ಲಿ ಬರೀ ಗಾಳಿ ಬರುತ್ತಿದೆ. ಐದು ಜನಕ್ಕೆ ವಾರಕ್ಕೆ ಎರಡು ಟ್ಯಾಂಕರ್ ತರಿಸುತ್ತಿದ್ದೀರಿ. ತಾರಸಿಯಲ್ಲಿ 60 ಕುಂಡ. ಮನೆಯವರು ಈ ಬೇಸಿಗೆಗೆ ಗಿಡ ಎಲ್ಲ ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದಾರೆ. ವಾಷಿಂಗ್ ಮಷೀನ್ ನೀರು ಹಾಕಬಹುದಾ, ಹೊಸ ಬೋರ್ ಕೊರೆಸಬಹುದಾ ಅಂತ ಕೇಳಿದ್ದೀರಿ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಗಿಡ ಕೊಡುವ ಮುಂಚೆ ಒಂದು ಲೆಕ್ಕ ನೋಡಿ. 6000 ಲೀಟರಿನ ಎರಡು ಟ್ಯಾಂಕರ್ ಅಂದರೆ ವಾರಕ್ಕೆ 12,000 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಸಾಕು ಅಂತ ಸರ್ಕಾರದ್ದೇ ಮಾನದಂಡ ಇದೆ. 2018ರ ಬರದಲ್ಲಿ ಕೇಪ್‌ಟೌನ್‌ನವರು ದಿನಕ್ಕೆ 50 ಲೀಟರ್ ಮಿತಿಯಲ್ಲಿ ಬದುಕಿದರು, ಹಾಗಾಗಿ 135 ಏನೂ ಕಮ್ಮಿ ಅಲ್ಲ. ಐದು ಜನಕ್ಕೆ ವಾರಕ್ಕೆ 4725 ಲೀಟರ್ ಆಯಿತು. ಕುಂಡಕ್ಕೆ ಸರಾಸರಿ ಒಂದೂವರೆ ಲೀಟರ್ ಹಿಡಿದರೂ 60 ಕುಂಡಕ್ಕೆ ದಿನಕ್ಕೆ 90, ವಾರಕ್ಕೆ 630 ಲೀಟರ್. ಎಲ್ಲ ಸೇರಿ 5400 ದಾಟುವುದಿಲ್ಲ. ಉಳಿದ ಆರು ಸಾವಿರ ಚಿಲ್ಲರೆ ಲೀಟರ್ ಎಲ್ಲಿಗೆ ಹೋಯಿತು? ವಾರಕ್ಕೆ ಒಂದು ಪೂರ್ತಿ ಟ್ಯಾಂಕರ್ ಲೆಕ್ಕಕ್ಕೆ ಸಿಗುತ್ತಿಲ್ಲ. ಅದನ್ನು ಕುಡಿದದ್ದು ನಿಮ್ಮ ಗಿಡಗಳಂತೂ ಅಲ್ಲ.

ಮೊದಲು ಸಂಪ್ ನೋಡಿ. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಪಂಪ್ ಸ್ವಿಚ್ ಆಫ್ ಮಾಡಿ, ಒಂದು ಉದ್ದ ಕೋಲು ಇಳಿಸಿ, ಒದ್ದೆಯಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಗ್ಗೆ ಪಂಪ್ ಹಾಕುವ ಮುಂಚೆ ಅದೇ ಜಾಗದಲ್ಲಿ ಮತ್ತೆ ಇಳಿಸಿ ನೋಡಿ. ಸಂಪ್ 8 ಅಡಿ ಉದ್ದ 6 ಅಡಿ ಅಗಲ ಇದ್ದರೆ ಒಂದು ಇಂಚು ಇಳಿದರೂ ಸುಮಾರು 113 ಲೀಟರ್ ಹೋಯಿತು ಅಂತ ಅರ್ಥ. ನಿಮ್ಮ ಅಷ್ಟೂ ಕುಂಡಗಳ ಒಂದು ದಿನದ ನೀರಿಗಿಂತ ಜಾಸ್ತಿ ಅದು! ಹಳೇ ಸಂಪ್‌ಗಳಲ್ಲಿ ಮೂಲೆಯ ಗಾರೆ ಬಿರುಕು ಬಿಟ್ಟಿರುತ್ತದೆ, ಪಕ್ಕದಲ್ಲಿ ಮರ ಇದ್ದರೆ ಬೇರು ನುಗ್ಗಿರುತ್ತದೆ. ಸಂಪ್ ಹೆಚ್ಚುಕಮ್ಮಿ ಖಾಲಿಯಾದ ದಿನವೇ ಒಳಗೆ ತೊಳೆದು ಬಿರುಕಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ. ಇಳಿಯುವವರು ಒಬ್ಬರೇ ಇಳಿಯಬಾರದು, ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಲು ಬಿಟ್ಟ ಮೇಲೆಯೇ ಇಳಿಯಬೇಕು.

ಅದೇ ಕೋಲು ಟ್ಯಾಂಕರ್ ಬಂದಾಗಲೂ ಬೇಕು. ಇದೇ ಅಳತೆಯ ಸಂಪ್‌ಗೆ 6000 ಲೀಟರ್ ಬಿದ್ದರೆ ಮಟ್ಟ 53 ಇಂಚು ಏರಬೇಕು. 40 ಇಂಚು ಏರಿದ್ದರೆ ನಿಮಗೆ ಬಂದದ್ದು ನಾಲ್ಕೂವರೆ ಸಾವಿರ ಲೀಟರ್ ಮಾತ್ರ. ಜಗಳ ಬೇಡ, ಕೋಲು ತೋರಿಸಿ ಮಾತಾಡಿ. ದರದ ಬಗ್ಗೆಯೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 6000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ, 10 ಕಿಲೋಮೀಟರ್ ತನಕ 750 ರೂಪಾಯಿ ಅಂತ ನಿಗದಿ ಮಾಡಿತ್ತು. ನೀವು ಕೊಡುತ್ತಿರುವುದು ಅದರ ಎರಡರಷ್ಟು. ರಸ್ತೆಯವರೆಲ್ಲ ಸೇರಿ ಒಟ್ಟಿಗೆ ಕೇಳಿದರೆ ಬಗ್ಗುತ್ತಾರೆ, ಒಬ್ಬೊಬ್ಬರೇ ಕೇಳಿದರೆ ಮುಂದಿನ ಸಲ ಗಾಡಿಯೇ ಬರುವುದಿಲ್ಲ.

ಇನ್ನೊಂದು ಕಳ್ಳ ಟಾಯ್ಲೆಟ್ ಫ್ಲಶ್. ಟ್ಯಾಂಕಿನೊಳಗೆ ಸ್ವಲ್ಪ ಬೀಟ್‌ರೂಟ್ ರಸ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೇ ಕೆಳಗೆ ಬಣ್ಣ ಇಳಿದರೆ ರಬ್ಬರ್ ವಾಷರ್ ಹೋಗಿದೆ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವುದಕ್ಕೆ ಒಂದು ಆಟೋಮ್ಯಾಟಿಕ್ ಕಂಟ್ರೋಲರ್ ಹಾಕಿಸಿ. ನಲ್ಲಿಗಳಿಗೆ ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುವ ಏರೇಟರ್ ಹಾಕಿ, ನಿಮಿಷಕ್ಕೆ ಹತ್ತು ಲೀಟರ್ ಸುರಿಯುವ ವಾಷ್‌ಬೇಸಿನ್ ನಲ್ಲಿ ಮೂರಕ್ಕೆ ಇಳಿಯುತ್ತದೆ.

ಈಗ ವಾಷಿಂಗ್ ಮಷೀನ್ ನೀರಿನ ವಿಷಯ. ಹಾಕಬಹುದು, ಆದರೆ ಎಲ್ಲ ನೀರನ್ನೂ ಅಲ್ಲ. ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸಬಾರದು ಅಂತ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಮಾಡಿತ್ತು, 5000 ರೂಪಾಯಿ ದಂಡ, ಮತ್ತೆ ಮಾಡಿದರೆ ದಿನಕ್ಕೆ 500 ಹೆಚ್ಚುವರಿ. ದಂಡ ಇಲ್ಲದಿದ್ದರೂ ಈ ಕಾಲದಲ್ಲಿ ಗಿಡಕ್ಕೆ ಹೊಸ ನೀರು ಹಾಕಲು ನನಗೆ ಮನಸ್ಸು ಬರುವುದಿಲ್ಲ. ಆ ಟ್ಯಾಂಕರ್ ನೀರು ಪಕ್ಕದ ಹಳ್ಳಿಯ ಯಾವುದೋ ಬೋರ್‌ನಿಂದ ಎತ್ತಿದ್ದು, ಅಲ್ಲಿಯೂ ಜನ ಇದ್ದಾರೆ ಅಲ್ವಾ. ಮನೆಯಲ್ಲಿ ಒಂದು ಸಲ ಬಳಸಿದ ನೀರೇ ನಿಮ್ಮ ತಾರಸಿಗೆ ಸಾಕು.

ಮಷೀನ್‌ನ ಮೊದಲ ನೀರಿನಲ್ಲಿ ಡಿಟರ್ಜೆಂಟ್ ತುಂಬಾ ಇರುತ್ತದೆ. ಅದರ ಸೋಡಿಯಂ ಮಣ್ಣಿಗೆ ಸೇರಿದರೆ ಮಣ್ಣು ಅಂಟು ಅಂಟಾಗಿ, ಒಣಗಿದಾಗ ಗಟ್ಟಿ ಹೆಪ್ಪಾಗುತ್ತದೆ. ಆಮೇಲೆ ನೀರೇ ಇಂಗುವುದಿಲ್ಲ. ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗೆ ಕಂಡರೆ ಉಪ್ಪು ಜಾಸ್ತಿ ಆಗಿದೆ ಅಂತಲೇ ತಿಳಿಯಿರಿ. ಹಾಗಾಗಿ ಪೈಪ್ ಕೆಳಗೆ ಎರಡು ಡ್ರಮ್ ಇಡಿ. ಮೊದಲ ನೀರು ಫ್ಲಶ್‌ಗೆ, ನೆಲ ಒರೆಸಲು. ಕೊನೆಯ ಜಾಲಾಡಿಸಿದ ನೀರು ಮಾತ್ರ ಗಿಡಕ್ಕೆ. ಟಾಪ್ ಲೋಡ್ ಮಷೀನ್ ಆದರೆ ಒಂದು ಸಲಕ್ಕೆ ಇದೇ ಸುಮಾರು 40 ಲೀಟರ್ ಸಿಗುತ್ತದೆ. ಅದೇ ದಿನ ಹಾಕಿಬಿಡಿ, ಇಟ್ಟರೆ ವಾಸನೆ ಬರುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಬೇಡ. ಮಲ್ಲಿಗೆ, ದಾಸವಾಳ, ನಿಂಬೆ, ನುಗ್ಗೆಗೆ ಬುಡಕ್ಕೆ ಹಾಕಿ, ಎಲೆ ಮೇಲೆ ಬೀಳಬಾರದು. ಅಕ್ಕಿ, ತರಕಾರಿ ತೊಳೆದ ನೀರನ್ನು ಸೊಪ್ಪಿಗೆ ಮೀಸಲಿಡಿ.

ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರದ ಹೊರಗೆ ಹೋಗುವ ನೀರು ಸುಮ್ನೆ ಸಿಂಕ್‌ಗೆ ಹೋಗುತ್ತಿದ್ದರೆ ಇವತ್ತೇ ಅದಕ್ಕೊಂದು ಕ್ಯಾನ್ ಇಡಿ. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಆದರೆ ಅದನ್ನು ಅಳೆಯದೆ ಕುಂಡಕ್ಕೆ ಸುರಿಯಬೇಡಿ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 500ರ ಒಳಗೆ ಇದ್ದರೆ ಯೋಚನೆ ಇಲ್ಲ. 500ರಿಂದ 1000 ಇದ್ದರೆ ಜಾಲಾಡಿಸಿದ ನೀರು ಅಥವಾ ಅಕ್ಕಿ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ. ಅದಕ್ಕಿಂತ ಮೇಲಿದ್ದರೆ ಫ್ಲಶ್‌ಗೆ ಬಿಡಿ. ನಿಮ್ಮ ಕಡೆಯ ಬೋರ್ ನೀರು ಗಡಸು, ಅದರ ಆರ್‌ಓ ನೀರು ಇನ್ನೂ ಉಪ್ಪು ಇರುತ್ತದೆ. ಹುರುಳಿಕಾಯಿ ಗಿಡ ಅದನ್ನು ಒಂದು ವಾರವೂ ತಡೆಯುವುದಿಲ್ಲ, ಬೀಟ್‌ರೂಟ್, ಪಾಲಕ್ ಸ್ವಲ್ಪ ತಡೆಯುತ್ತವೆ. ಮನೆಗೆ ಉಪ್ಪು ಹಾಕುವ ಸಾಫ್ಟ್‌ನರ್ ಇದ್ದರೆ ಅದರ ನೀರು ಗಿಡಕ್ಕೆ ಬೇಡವೇ ಬೇಡ.

ಗಿಡಗಳ ಕಡೆಯೂ ಬಿಗಿ ಮಾಡಬೇಕು. ಹೊಸ ಬಿತ್ತನೆ ಜೂನ್ ತನಕ ಬೇಡ. ಬದನೆ, ಟೊಮೆಟೊ ಮುಗಿಯುತ್ತಾ ಬಂದಿದ್ದರೆ ಕಿತ್ತು ಕಾಂಪೋಸ್ಟ್‌ಗೆ ಹಾಕಿ, ಅವುಗಳ ಪಾಲಿನ ನೀರು ನಿಂಬೆ, ಕರಿಬೇವು, ಮಲ್ಲಿಗೆಗೆ ಸಿಗಲಿ. ವರ್ಷಗಟ್ಟಲೆ ಬೆಳೆಸಿದ್ದು ಹೋದರೆ ಮತ್ತೆ ಬರುವುದಿಲ್ಲ, ಸೊಪ್ಪು ಮಳೆ ಬಂದ ಒಂದು ತಿಂಗಳಲ್ಲಿ ಬರುತ್ತದೆ. ಕುಂಡಗಳನ್ನು ಒಂದಕ್ಕೊಂದು ತಾಗುವಂತೆ ಗುಂಪು ಮಾಡಿ, ದೊಡ್ಡವು ಪಶ್ಚಿಮದ ಕಡೆ ಇರಲಿ. ಮೇಲೆ 50 ಪರ್ಸೆಂಟ್ ಶೇಡ್ ನೆಟ್. ಮಣ್ಣಿನ ಮೇಲೆ ಎರಡು ಮೂರು ಇಂಚು ಒಣ ಎಲೆ ಅಥವಾ ತೆಂಗಿನ ಸಿಪ್ಪೆ ಮುಚ್ಚಿ. ಬೆರಳನ್ನು ಎರಡು ಇಂಚು ಇಳಿಸಿ, ಒಳಗೆ ತಂಪಿದ್ದರೆ ಆ ದಿನ ನೀರು ಬೇಡ. ಹೀಗೆ ಮಾಡಿದರೆ 90 ಲೀಟರ್ ಬೇಕಾದ ಕಡೆ ಅರುವತ್ತರಲ್ಲಿ ನಡೆಯುತ್ತದೆ. ದೊಡ್ಡ ಗ್ರೋ ಬ್ಯಾಗ್‌ಗಳಲ್ಲಿ ಮೆರುಗು ಹಾಕದ ಸಣ್ಣ ಮಡಕೆಯೊಂದನ್ನು ಕುತ್ತಿಗೆ ತನಕ ಹೂತು ನೀರು ತುಂಬಿ ಮುಚ್ಚಿಡಿ, ನೀರು ಮೆಲ್ಲಗೆ ಬೇರಿಗೇ ಜಿನುಗುತ್ತದೆ. ಮುಚ್ಚಳ ಮರೆಯಬೇಡಿ, ಸೊಳ್ಳೆ ಬರುತ್ತದೆ. ಗೊಬ್ಬರ ಸದ್ಯಕ್ಕೆ ನಿಲ್ಲಿಸಿ.

ಹೊಸ ಬೋರ್ ಬೇಡ ಅನ್ನುತ್ತೇನೆ. ನಗರದಲ್ಲಿ ಸರ್ಕಾರದ ಸುಮಾರು 13,900 ಬೋರ್‌ಗಳಲ್ಲಿ 6,900 ಬತ್ತಿವೆ ಅಂತ 2024ರ ಮಾರ್ಚ್‌ನಲ್ಲಿ ಸರ್ಕಾರವೇ ಹೇಳಿತ್ತು. ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಸಾವಿರ ಅಡಿ ದಾಟಿದರೂ ಸಿಕ್ಕೀತು ಅನ್ನುವ ಭರವಸೆ ಇಲ್ಲ, ಲಕ್ಷಗಟ್ಟಲೆ ದುಡ್ಡು ಹೋಗುತ್ತದೆ, ಜಲಮಂಡಳಿ ಅನುಮತಿಯೂ ಬೇಕು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡಲು ಕಾವೇರಿಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಸಂಪರ್ಕಕ್ಕೆ ಅರ್ಜಿ ಹಾಕಿ. ಆದರೆ ಅದು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು. ಕೊಡಗಿನಲ್ಲಿ ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಕೈಕೊಡುತ್ತದೆ.

ಬೋರ್‌ಗೆ ಇಟ್ಟುಕೊಂಡ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಚಾವಣಿ ನೀರಿಗೆ ಹಾಕಿ, ಅಶ್ವಿನಿ, ಭರಣಿ ಮಳೆಗೆ ಮುಂಚೆಯೇ ಕೆಲಸ ಮುಗಿಯಬೇಕು. ನಿಮ್ಮ ಚಾವಣಿ ನೂರು ಚದರ ಮೀಟರ್ ಇದ್ದರೆ ಒಂದು ಮಿಲಿಮೀಟರ್ ಮಳೆಗೆ ನೂರು ಲೀಟರ್ ಬೀಳುತ್ತದೆ. 20 ಮಿಲಿಮೀಟರಿನ ಒಂದು ಸಂಜೆ ಮಳೆಗೆ ಸೋರಿದ್ದು ಕಳೆದು 1700 ಲೀಟರ್. ಮೇ ತಿಂಗಳಲ್ಲೇ ಬೆಂಗಳೂರಿಗೆ ಸರಾಸರಿ ನೂರು ಮಿಲಿಮೀಟರಿಗೂ ಜಾಸ್ತಿ ಮಳೆ ಇದೆ. ಮೊದಲ ಹತ್ತು ನಿಮಿಷದ ನೀರು ಹೊರಗೆ ಬಿಡುವ ವಾಲ್ವ್, ಒಂದು ಫಿಲ್ಟರ್, ಅಲ್ಲಿಂದ ಸಂಪ್‌ಗೆ ಪೈಪ್. ಸಂಪ್ ತುಂಬಿ ಮಿಕ್ಕಿದ್ದು ಇಂಗುಬಾವಿಗೆ: ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ, ಸಿಮೆಂಟ್ ರಿಂಗ್ ಇಳಿಸಿ ತಳ ಹಾಗೇ ಬಿಡಬೇಕು. ಒಂದು ಸಲಕ್ಕೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ಈ ಕೆಲಸ ತಲೆತಲಾಂತರದಿಂದ ಬಲ್ಲವರು ಮಣ್ಣು ವಡ್ಡರು, ಅವರನ್ನೇ ಕರೆಸಿ. ಚಾವಣಿ ನೀರನ್ನು ನೇರವಾಗಿ ಬೋರ್ ಕೇಸಿಂಗ್ ಒಳಗೆ ಬಿಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ, ಕೊಳೆ ನೇರ ಅಂತರ್ಜಲಕ್ಕೆ ಹೋಗುತ್ತದೆ. ಕಣ್ಣಾರೆ ನೋಡಬೇಕು ಅಂದರೆ ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಮನೆಯವರನ್ನೂ ಕರೆದುಕೊಂಡು ಹೋಗಿ.

ಈ ವಾರ ಕೋಲಿನ ಪರೀಕ್ಷೆ ಮಾಡಿ. ಸಂಪ್‌ನ ಉದ್ದ ಅಗಲ, ರಾತ್ರಿ ಎಷ್ಟು ಇಂಚು ಇಳಿಯಿತು, ಟ್ಯಾಂಕರ್ ನೀರಿನ ಮತ್ತು ಆರ್‌ಓ ಹೊರನೀರಿನ ಟಿಡಿಎಸ್ ಎಷ್ಟು, ಇಷ್ಟನ್ನು ಇಲ್ಲೇ ಬರೆಯಿರಿ. ಯಾವ ಗಿಡಕ್ಕೆ ಯಾವ ನೀರು ಅಂತ ಆಗ ಕುಂಡದ ಲೆಕ್ಕದಲ್ಲೇ ಹೇಳಬಹುದು.