ತಲಪಾಡಿ ದಾಟಿ ಪೇಟೆಗೆ

"ದಿನಾ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ಬರೋದು ಕಷ್ಟ ಆಗಲ್ವಾ?" ಎಂದು ಕೇಳಿದ್ದೀರಿ. ನಾನು ಕುಂಬಳೆಯವನು, ಕೇರಳದ ಕಾಸರಗೋಡು ಜಿಲ್ಲೆ. ನಮ್ಮ ಮನೆಯಲ್ಲಿ ಯಾರೂ "ಕರ್ನಾಟಕಕ್ಕೆ ಹೋಗಿ ಬರ್ತೇನೆ" ಅಂದದ್ದು ನನಗೆ ನೆನಪಿಲ್ಲ. ಮಂಗಳೂರಿಗೆ ಹೋಗಿ ಬರುತ್ತೇವೆ, ಅಷ್ಟೇ. ನೀವು ಮೆಜೆಸ್ಟಿಕ್ಕಿಗೆ ಹೋಗಿ ಬಂದ ಹಾಗೆ. ನಿಮ್ಮ ಟ್ರಾಫಿಕ್ ನೋಡಿದರೆ ನಮ್ಮದೇ ಸಲೀಸು.

ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಕುಂಬಳೆಯಿಂದ ಇನ್ನೂ ಹತ್ತಿರ. ನಮ್ಮ ರಾಜಧಾನಿ ತಿರುವನಂತಪುರ 500 ಕಿ.ಮೀ.ಗಿಂತ ಆಚೆ. ಹೊಟ್ಟೆನೋವು ಬಂದವನು ಯಾವ ಕಡೆಗೆ ಓಡುತ್ತಾನೆ, ನೀವೇ ಹೇಳಿ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆಗ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಕಲೆಕ್ಟರ್ ಕಚೇರಿ, ದೊಡ್ಡ ಕೋರ್ಟು, ಕಾಲೇಜು ಎಲ್ಲ ಮಂಗಳೂರಿನಲ್ಲೇ. ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಹುಟ್ಟುವ ಹೊತ್ತಿಗೆ ನಮ್ಮ ಅಜ್ಜಂದಿರು ಅರ್ಧ ಶತಮಾನ ಆ ರೈಲಿನಲ್ಲಿ ಓಡಾಡಿ ಆಗಿತ್ತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಬರೆದುಕೊಟ್ಟಿತು. ಸೇರಲಿಲ್ಲ. ಆ ಮಾತು ಎತ್ತಿದರೆ ರಾತ್ರಿ ಬೆಳಗಾದೀತು, ಬಿಡಿ.

ಈಗ ಬಸ್ಸಿನ ಕಥೆ. ಕಾಸರಗೋಡು–ಮಂಗಳೂರು ನಡುವೆ ಎರಡೂ ಸರ್ಕಾರಗಳ ಬಸ್ ಓಡುತ್ತವೆ. ಎರಡರ ಹೆಸರೂ ಕೆಎಸ್‌ಆರ್‌ಟಿಸಿ! ಆ ಹೆಸರು ಯಾರದು ಎಂದು ಎರಡು ನಿಗಮಗಳ ನಡುವೆ ವರ್ಷಗಟ್ಟಲೆ ಜಗಳ ನಡೆಯಿತು. ನಮಗೆ ಮೊದಲು ಬಂದದ್ದು ಯಾವುದೋ ಅದೇ ನಮ್ಮ ಬಸ್. ಒಳಗೆ ಕೂತರೆ ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿ ಎಲ್ಲ ಕೇಳಿಸುತ್ತದೆ. ಮಂಗಳೂರಿಗೇ ಆ ಬಸ್ಸಿನೊಳಗೆ ಎಷ್ಟು ಹೆಸರು ನೋಡಿ. ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಕಂಡಕ್ಟರ್ ಯಾವ ರಾಜ್ಯದವನಾದರೂ ಎಲ್ಲಕ್ಕೂ ಒಂದೇ ಟಿಕೆಟ್ ಹರಿಯುತ್ತಾನೆ.

ಕಾಲೇಜು ಮಕ್ಕಳಿಗೆ, ಅಂಗಡಿ ಕೆಲಸದವರಿಗೆ ರೈಲೇ ವಾಸಿ. ಸೀಸನ್ ಟಿಕೆಟ್ ಮಾಡಿಸಿದರೆ ಬಸ್ಸಿಗಿಂತ ತುಂಬಾ ಅಗ್ಗ. ಬೆಳಗ್ಗಿನ ಲೋಕಲ್ ಗಾಡಿಯಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಹತ್ತುವವರು ದಿನಾ ಅದೇ ಬೋಗಿ, ಅದೇ ಬಾಗಿಲು. ನೇತ್ರಾವತಿ ಸೇತುವೆ ಬರುವಾಗ ಎಲ್ಲರೂ ಬ್ಯಾಗ್ ಹೆಗಲಿಗೆ ಹಾಕುತ್ತಾರೆ.

ಯಾಕೆ ಹೋಗುತ್ತೇವೆ ಎಂದರೆ ಮೊದಲನೆಯದು ಆಸ್ಪತ್ರೆ. ಬೇರೆ ಕಾರಣಗಳೆಲ್ಲ ಆಮೇಲೆ. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಗಡಿಯ ತಲಪಾಡಿ ದಾಟಿದರೆ ಸ್ವಲ್ಪವೇ ದೂರ. ನಮ್ಮಲ್ಲಿ ಸಣ್ಣ ಜ್ವರಕ್ಕೆ ಊರಿನ ಡಾಕ್ಟರು, ಅವರು ತಲೆ ಅಲ್ಲಾಡಿಸಿದರೆ ಸೀದಾ ಮಂಗಳೂರು. ನನ್ನ ಸೋದರಮಾವ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಆ ಕಡೆ ಹೋಗುತ್ತಿದ್ದರು. ಬಸ್ಸಿನಲ್ಲೇ. ಕಂಡಕ್ಟರುಗಳಿಗೆ ಎಷ್ಟು ಗುರುತಾಗಿತ್ತೆಂದರೆ, ಒಂದು ವಾರ ಕಾಣದಿದ್ದರೆ ಅತ್ತೆಯ ಹತ್ತಿರ ವಿಚಾರಿಸುತ್ತಿದ್ದರು.

ಉಳಿದದ್ದು ನಿಮಗೂ ಗೊತ್ತಿರುವಂಥದ್ದೇ. ಮದುವೆ ಜವಳಿ, ಬಂದರಿನ ಸಗಟು ಅಂಗಡಿ, ಬಜ್ಪೆಯಿಂದ ಗಲ್ಫ್ ವಿಮಾನ. ಒಳನಾಡಿನ ಬದಿಯಡ್ಕ, ಪೆರ್ಲದವರು ಪುತ್ತೂರಿಗೆ, ಮುಳ್ಳೇರಿಯದವರು ಸುಳ್ಯಕ್ಕೆ. ಅಡಿಕೆ ಬೆಳೆಯುವವರಿಗೆ ಗಡಿ ಮೊದಲಿನಿಂದಲೂ ಲೆಕ್ಕಕ್ಕಿಲ್ಲ. 1973ರಲ್ಲಿ ಶುರುವಾದ ಅಡಿಕೆ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಎರಡೂ ರಾಜ್ಯದ ಬೆಳೆಗಾರರದ್ದು. ಹೆಣ್ಣು ಕೊಡುವುದು, ತರುವುದೂ ಹಾಗೆಯೇ. ನನ್ನ ಅಕ್ಕನನ್ನು ವಿಟ್ಲಕ್ಕೆ ಕೊಟ್ಟಿದ್ದೇವೆ. "ಬೇರೆ ರಾಜ್ಯಕ್ಕೆ ಮದುವೆ ಮಾಡಿಕೊಟ್ಟಿರಾ?" ಎಂದು ಮೈಸೂರಿನ ಗೆಳೆಯನೊಬ್ಬ ಕೇಳಿದಾಗ ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಪೆಟ್ರೋಲ್ ಆ ಕಡೆ ಅಗ್ಗ, ಹಾಗಾಗಿ ಸ್ಕೂಟರಿನವರು ಟ್ಯಾಂಕ್ ಖಾಲಿ ಮಾಡಿಕೊಂಡೇ ಹೋಗುತ್ತಾರೆ. ಮದ್ಯವೂ ಅಗ್ಗ. ಅದಕ್ಕೇ ಮಂಜೇಶ್ವರದ ಹತ್ತಿರ ಅಬಕಾರಿಯವರು ಬಸ್ ಹತ್ತಿ ಸೀಟಿನ ಅಡಿಯ ಚೀಲ ತಟ್ಟಿ ನೋಡುವುದು ಉಂಟು. ಅಂಥ ಚೀಲಕ್ಕೆ ಆಗ ವಾರಸುದಾರರೇ ಇರುವುದಿಲ್ಲ!

ಗಡಿ ಕಾಣುವುದು ಅದು ಮುಚ್ಚಿದಾಗ. ಕೇರಳದಲ್ಲಿ ಹರತಾಳವಾದರೆ ಮಂಗಳೂರಿನ ಬಸ್ ತಲಪಾಡಿಗೆ ಬಂದು ತಿರುಗುತ್ತದೆ. ಕರ್ನಾಟಕ ಬಂದ್ ಆದರೆ ನಮ್ಮ ಬಸ್ ಅಲ್ಲಿ ತಿರುಗುತ್ತದೆ. ಆ ದಿನ ಜನ ಗಂಟುಮೂಟೆ ಹಿಡಿದು ನಡೆದು ದಾಟುತ್ತಾರೆ. ಇವೆಲ್ಲ ಒಂದು ದಿನದ ಪಾಡು, ನಗಾಡಿಕೊಂಡು ಕಳೆಯುತ್ತದೆ.

2020ರ ಮಾರ್ಚ್ ಕೊನೆಯದ್ದು ಹಾಗಲ್ಲ. ಕೊರೊನಾ ಎಂದು ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಆಂಬುಲೆನ್ಸ್‌ಗಳು ಗಡಿಯಲ್ಲೇ ನಿಂತವು. ಆಸ್ಪತ್ರೆ ಮುಟ್ಟದೆ ಕೆಲವರು ತೀರಿಕೊಂಡರು. ಕೇಸು ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಹೋಯಿತು. ರೋಗದ ಹೆದರಿಕೆ ಎಲ್ಲರಿಗೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಮಾವನ ಯಂತ್ರ ಆ ಕಡೆ ಇತ್ತು, ಮಾವ ಈ ಕಡೆ ಇದ್ದರು. ಕೊನೆಗೆ ಪಾಸ್ ಮಾಡಿಸಿ, ಕಾರು ಗೊತ್ತು ಮಾಡಿ, ದಕ್ಷಿಣಕ್ಕೆ ಕಣ್ಣೂರು ಜಿಲ್ಲೆಯ ಪರಿಯಾರಂ ಆಸ್ಪತ್ರೆಗೆ ಕರಕೊಂಡು ಹೋದೆವು. ದೂರ ಎರಡು ಪಾಲಿಗಿಂತ ಜಾಸ್ತಿ. ಕಾರಿನಲ್ಲಿ ಮಾವ ಒಂದೇ ಮಾತು ಕೇಳಿದರು: "ನಾವು ಇಷ್ಟು ವರ್ಷ ಬೇರೆಯವರ ಊರಿಗೆ ಹೋಗ್ತಾ ಇದ್ದದ್ದಾ ಮಾರಾಯ?" ನನಗೆ ಉತ್ತರ ಹೊಳೆಯಲಿಲ್ಲ.

ನಿಜವಾಗಿ ಪ್ರಯಾಣ ಅನ್ನಿಸುವುದು ತಿರುವನಂತಪುರಕ್ಕೆ ಹೊರಟಾಗ. ಯಾವುದೋ ಫೈಲು ಕದಲದಿದ್ದರೆ, ಯಾವುದೋ ಇಂಟರ್‌ವ್ಯೂ ಇದ್ದರೆ ಹೋಗಲೇಬೇಕು. ಸಂಜೆ ಮಾವೇಲಿಯೋ ಮಲಬಾರ್ ಎಕ್ಸ್‌ಪ್ರೆಸ್ಸೋ ಹತ್ತಿದರೆ ಇಳಿಯುವುದು ಬೆಳಗ್ಗೆ. 2023ರಲ್ಲಿ ವಂದೇ ಭಾರತ್ ಬಂದ ಮೇಲೆ ಪ್ರಯಾಣದ ಹೊತ್ತು ಸುಮಾರು ಎಂಟು ಗಂಟೆಗೆ ಇಳಿದಿದೆ, ಆದರೆ ಟಿಕೆಟ್ ಬೆಲೆ ನೋಡಿ ಮನೆಯಲ್ಲಿ ಎರಡು ದಿನ ಚರ್ಚೆ ಆಗುತ್ತದೆ. ಅಮ್ಮ ಆ ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಾರೆ, ದೇವರಿಗೆ ಕೈ ಮುಗಿಸುತ್ತಾರೆ. ಅಲ್ಲಿ ಇಳಿದು ನಾನು ಬಾಯಿ ತೆರೆದ ಕೂಡಲೇ ಆಟೋದವರು "ಕಾಸರಗೋಡಾ?" ಎನ್ನುತ್ತಾರೆ. ನನ್ನ ಮಲಯಾಳದಲ್ಲಿ ಅಷ್ಟು ಕನ್ನಡ ಉಂಟು. ಸ್ವಂತ ರಾಜ್ಯದಲ್ಲಿ ಪರದೇಶಿ, ಪಕ್ಕದ ರಾಜ್ಯದಲ್ಲಿ ಊರಿನವನು. ಮಂಗಳೂರಿಗೆ ಹೊರಟರೆ ಅದೇ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಾರೆ, "ಬರುವಾಗ ಮಲ್ಲಿಗೆ ತಾ" ಎಂದು.

ಒಮ್ಮೆ ಬಂದು ನೋಡಿ. ಮಂಗಳೂರಿನಲ್ಲಿ ಕಾಸರಗೋಡು ಬಸ್ ಹತ್ತಿ ಬಲಗಡೆ ಕೂತರೆ ಸಮುದ್ರದ ಕಡೆ ಸಿಗುತ್ತದೆ. ಹೊರಡುವ ಮೊದಲು ಹರತಾಳ ಉಂಟಾ ಎಂದು ಕೇಳಿಕೊಳ್ಳಿ. ಬಸ್ ತಲಪಾಡಿವರೆಗೆ ಮಾತ್ರ ಅಂದರೆ ಹೆದರಬೇಡಿ, ಫೋನ್ ಮಾಡಿ. ಸ್ಕೂಟರ್ ತರುತ್ತೇನೆ. ಪೆಟ್ರೋಲ್ ಹೇಗೂ ಅಲ್ಲೇ ಹಾಕಿಸಬೇಕು.