50 ಸಾವಿರದೊಳಗೆ ಗೇಮಿಂಗ್ ಪಿಸಿ: ಈಗ ಎಎಂಡಿ 5600ಜಿ ಪ್ರೊಸೆಸರ್ ಮತ್ತು ಬಿ550 ಬೋರ್ಡ್ ತಗೊಂಡು ಆರು ತಿಂಗಳ ಮೇಲೆ ಗ್ರಾಫಿಕ್ಸ್ ಕಾರ್ಡ್ ಹಾಕಲಾ, ಇಲ್ಲ ಇಂಟೆಲ್ 12400ಎಫ್ ಪ್ರೊಸೆಸರ್ ಮತ್ತು ಎಚ್610 ಬೋರ್ಡ್ ತಗೊಳ್ಳಲಾ?

ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 2022ರ ಕೊನೆಯಲ್ಲಿ ನನ್ನ ಜೇಬಿನ ಚೀಟಿಯಲ್ಲಿ ಇದ್ದದ್ದೂ ನಿಮ್ಮ ಮೊದಲನೇ ಆಯ್ಕೆಯೇ. 5600ಜಿ, ಬಿ550, ಕೆಳಗೆ ಸಣ್ಣ ಅಕ್ಷರದಲ್ಲಿ "ಕಾರ್ಡ್ ಆಮೇಲೆ".

ಮೂರು ಶನಿವಾರ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿಯಾದ ಎಸ್‌ಪಿ ರೋಡ್ ಸುತ್ತಿದೆ. ಮೊದಲೆರಡು ಸಲ ಸುಮ್ನೆ ರೇಟ್ ಕೇಳಿದ್ದಷ್ಟೇ. ಮೂರನೇ ಸಲ ಒಂದು ಅಂಗಡಿಯಲ್ಲಿ ಪ್ರೊಸೆಸರ್ ತಗೊಂಡು ಬ್ಯಾಗಿಗೆ ಹಾಕಿಕೊಂಡು, ಬೋರ್ಡಿಗೆ ಅಂತ ಇನ್ನೊಂದು ಕಡೆ ಹೋದೆ. ಮಹಡಿ ಮೇಲಿನ ಅಂಗಡಿ. ಮೆಟ್ಟಿಲಲ್ಲಿ ಎದುರಿಂದ ಯಾರಾದರೂ ಕ್ಯಾಬಿನೆಟ್ ಹೊತ್ತು ಇಳಿದರೆ ನಾವು ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಅಂಥ ಜಾಗ. ಅಂಗಡಿಯವರು ಎರಡು ಡಬ್ಬ ಮುಂದಿಟ್ಟರು. ಎ520 ಸುಮಾರು ಐದೂವರೆ ಸಾವಿರ, ಬಿ550 ಹತ್ತೂವರೆ.

"ಎ520ಲಿ ಪಿಸಿಐಇ 3.0 ಅಷ್ಟೇ ಸಾರ್, ಇದ್ರಲ್ಲಿ 4.0. ನಾಳೆ ಕಾರ್ಡ್ ಹಾಕ್ತೀರಾ ಅಲ್ವಾ?"

ಪಿಸಿಐಇ ಅಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ, 3.0 ಹಳೆಯದು, 4.0 ಹೊಸದು. ಹಾಕ್ತೀನಿ ಅಂದೆ, ಐದು ಸಾವಿರ ಜಾಸ್ತಿ ಕೊಟ್ಟೆ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬ್ಯಾಗಿನಲ್ಲಿ ಯಾವ ಪ್ರೊಸೆಸರ್ ಇದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರೇಳು ತಿಂಗಳು 5600ಜಿ ಒಳಗಿರುವ ಗ್ರಾಫಿಕ್ಸ್‌ನಲ್ಲೇ ಕಳೆದೆ. ಪರವಾಗಿಲ್ಲ, ಚೆನ್ನಾಗೇ ಇತ್ತು. ಒಂದೇ ಒಂದು 8 ಜಿಬಿ ರ‍್ಯಾಮ್ ಹಾಕಿದ್ದೆ, ಎರಡನೇದು ಹಾಕಿದ ದಿನ ಬೇರೆ ಪಿಸಿ ತಂದ ಹಾಗಾಯಿತು. ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸುತ್ತದೆ. ಅದಕ್ಕೇ ಒಂದು ಕಡ್ಡಿಗೂ ಎರಡು ಕಡ್ಡಿಗೂ ಅಷ್ಟು ವ್ಯತ್ಯಾಸ.

ಆಮೇಲೆ 2023ರ ಮಧ್ಯದಲ್ಲಿ ಬೋನಸ್ ಬಂತು, 6500 ಎಕ್ಸ್‌ಟಿ ತಂದೆ. ನನ್ನ ಕೈಗೆ ಎಟುಕುತ್ತಿದ್ದ ಹೊಸ ಕಾರ್ಡ್ ಅದೊಂದೇ.

ಕಾರ್ ರೇಸ್ ಗೇಮ್ ಹಾಕಿದೆ. ಹಳ್ಳಿ ದಾರಿಯಲ್ಲಿ ಬೆಣ್ಣೆ ಹಾಗೆ ಓಡುತ್ತಿತ್ತು. ಊರೊಳಗೆ ತಿರುಗಿದ ಕೂಡಲೇ ಒಂದು ಬಿಕ್ಕಳಿಕೆ. ಚಿತ್ರ ಅರ್ಧ ಕ್ಷಣ ನಿಂತು, ಮತ್ತೆ ಎದ್ದಾಗ ನನ್ನ ಕಾರು ಗೋಡೆಯೊಳಗೆ. ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅಂತ) ನೋಡಿದರೆ 60ರ ಹತ್ತಿರವೇ ಇದೆ! ಡ್ರೈವರ್ ಎರಡು ಸಲ ತೆಗೆದು ಹಾಕಿದೆ. ವಿಂಡೋಸ್ ಹೊಸದಾಗಿ ಹಾಕಿದೆ. ಬಿಸಿಯಾಗ್ತಿದೆಯೇನೋ ಅಂತ ಪ್ರೊಸೆಸರಿಗೆ ಥರ್ಮಲ್ ಪೇಸ್ಟ್ ಕೂಡ ಬದಲಿಸಿದೆ, ಅದು ಬೆರಳಿಂದ ಬನಿಯನ್ನಿಗೆ ಹತ್ತಿ ಇವತ್ತಿಗೂ ಹೋಗಿಲ್ಲ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಒಂದು ರಾತ್ರಿ ಜಿಪಿಯು-ಝಡ್ ಅನ್ನೋ, ಕಾರ್ಡಿನ ವಿವರ ತೋರಿಸುವ ಪುಟ್ಟ ಸಾಫ್ಟ್‌ವೇರ್ ತೆರೆದೆ. ಅದರಲ್ಲಿ ಬಸ್ ಇಂಟರ್ಫೇಸ್ ಅಂತ ಒಂದು ಸಾಲಿದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಪುಟ್ಟ ಬಟನ್. ಅದನ್ನು ಒತ್ತಿದರೆ ಕಾರ್ಡಿಗೆ ಸ್ವಲ್ಪ ಕೆಲಸ ಕೊಟ್ಟು ನಿಜವಾದ ವೇಗ ತೋರಿಸುತ್ತದೆ. ಒತ್ತಿದೆ. ನಾಲ್ಕು ಲೇನ್ (ಆ ದಾರಿಯಲ್ಲಿ ನಾಲ್ಕು ಸಾಲು), 3.0.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಆಗ ಯಾರೂ ಹೇಳಿರಲಿಲ್ಲ. ಬೋರ್ಡಿನ ಮೇಲಿರುವ ಆ ಉದ್ದ ಸ್ಲಾಟ್ ಇದೆಯಲ್ಲ, ಅದರ ತಂತಿಗಳು ನೇರ ಪ್ರೊಸೆಸರಿಗೇ ಹೋಗುತ್ತವೆ. ಬೋರ್ಡ್ ಬರೀ ದಾರಿ. ಪ್ರೊಸೆಸರ್, ಬೋರ್ಡ್, ಕಾರ್ಡ್ ಈ ಮೂರರಲ್ಲಿ ಯಾವುದು ಹಳೆಯದೋ ಎಲ್ಲವೂ ಅದರ ವೇಗಕ್ಕೇ ಇಳಿಯಬೇಕು. ನನ್ನ ಕಾರ್ಡ್ 4.0, ಬೋರ್ಡ್ 4.0. 5600ಜಿ ಮಾತ್ರ 3.0. ಹೆಸರಲ್ಲಿ 'ಜಿ' ಇಲ್ಲದ 5600ರಲ್ಲಿ 4.0 ಇದೆ, 5500ರಲ್ಲಿ ಮತ್ತೆ ಇಲ್ಲ. ಹೆಸರು ನೋಡಿದರೆ ಅಣ್ಣತಮ್ಮಂದಿರು ಅನ್ನಿಸುತ್ತದೆ, ಅಲ್ವಾ? ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಕೂಡ 5600ಕ್ಕೆ 32 ಎಂಬಿ, ಆ ಇಬ್ಬರಿಗೂ 16 ಎಂಬಿ. ಗೇಮ್‌ನಲ್ಲಿ ಅದೂ ಗೊತ್ತಾಗುತ್ತದೆ.

ಬೇರೆ ಕಾರ್ಡ್ ಆಗಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ, 16 ಲೇನ್ ಇದ್ದರೆ 3.0 ಧಾರಾಳವಾಗಿ ಸಾಕು. 6500 ಎಕ್ಸ್‌ಟಿ ನೋಡಲು ಪೂರ್ತಿ ಉದ್ದದ ಕಾರ್ಡ್, ಆದರೆ ಕೆಲಸ ಮಾಡುವುದು ನಾಲ್ಕೇ ಲೇನ್. ನಾಲ್ಕು ಲೇನ್ 4.0ರಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುತ್ತದೆ, 3.0ರಲ್ಲಿ ಸುಮಾರು 4. ಅದರ ಮೇಲೆ ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ ಮಾತ್ರ. ಟೆಕ್ಸ್ಚರ್ (ಗೋಡೆ, ರಸ್ತೆಗಳ ಮೇಲಿನ ಚಿತ್ರ) ಹೈ ಇಟ್ಟಾಗ ಅದು ತುಂಬಿ, ಮಿಕ್ಕಿದ್ದು ಮಾಮೂಲಿ ರ‍್ಯಾಮಿಗೆ ಹೋಗಿ ಕೂರುತ್ತದೆ. ಊರೊಳಗೆ ಹೊಸ ಕಟ್ಟಡ ಬಂದಾಗಲೆಲ್ಲ ಅದನ್ನು ಆ ನಾಲ್ಕು ಲೇನ್‌ನಲ್ಲೇ ವಾಪಸ್ ಎಳೆದು ತರಬೇಕು. ಅವೆನ್ಯೂ ರಸ್ತೆಯೊಳಗೆ ಸಂಜೆ ಆರಕ್ಕೆ ಲಾರಿ ನುಗ್ಗಿಸಿದ ಹಾಗೆ. ಅದೇ ಬಿಕ್ಕಳಿಕೆ. ಮೀಡಿಯಂಗೆ ಇಳಿಸಿದರೆ ಹೆಚ್ಚುಕಡಿಮೆ ನಿಂತುಹೋಗುತ್ತಿತ್ತು.

ಅಂದರೆ 4.0 ಬೇಕು ಅಂತ ಬೋರ್ಡಿಗೆ ಐದು ಸಾವಿರ ಜಾಸ್ತಿ ಕೊಟ್ಟು, 4.0 ಇಲ್ಲದ ಪ್ರೊಸೆಸರ್ ಅದರ ಮೇಲೆ ಕೂರಿಸಿ, 4.0 ಇಲ್ಲದಿದ್ದರೆ ಒದ್ದಾಡುವ ಕಾರ್ಡನ್ನೇ ಹುಡುಕಿ ಹುಡುಕಿ ತಂದಿದ್ದೆ. ಒಂದೊಂದನ್ನೇ ನೋಡಿದರೆ ಯಾವುದೂ ತಪ್ಪು ಮಾಲಲ್ಲ. (ಆ ಕಾರ್ಡಿನಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ ಕೂಡ ಇಲ್ಲ, ಗೇಮ್ ರೆಕಾರ್ಡ್ ಮಾಡಲು ಹೋದಾಗ ಗೊತ್ತಾಯಿತು. ಅದು ಬೇರೆಯೇ ಗೋಳು.)

5600ಜಿಯನ್ನು ಭಾವನ ಅಂಗಡಿಯ ಬಿಲ್ಲಿಂಗ್ ಪಿಸಿಗೆ ಕೊಟ್ಟೆ. ಅಲ್ಲಿ ಅದು ರಾಜನ ಹಾಗಿದೆ, ಅದರ ಜಾಗವೇ ಅದು. ಅದೇ ಬೋರ್ಡಿಗೆ 5600 ಹಾಕಿದೆ, ಬಿಕ್ಕಳಿಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. 4 ಜಿಬಿ ಎಷ್ಟಾದರೂ 4 ಜಿಬಿಯೇ. ಮಾರನೇ ವರ್ಷ ಆ ಕಾರ್ಡನ್ನೂ ಮಾರಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ತಗೊಂಡೆ, 8 ಜಿಬಿ, 8 ಲೇನ್. ಅವತ್ತಿಂದ ನೆಮ್ಮದಿ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲನೇದು ಒಳ್ಳೆಯದಾ ಎರಡನೇದು ಒಳ್ಳೆಯದಾ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಪ್ರಶ್ನೆಯೇ ತಲೆಕೆಳಗಾಗಿದೆ. ಪ್ರೊಸೆಸರ್, ಬೋರ್ಡ್ ಮೊದಲು ಆರಿಸಿ ಕಾರ್ಡ್ ಆಮೇಲೆ ನೋಡೋಣ ಅನ್ನುವುದು ಹುಡುಗಿ ಗೊತ್ತಿಲ್ಲದೆ ಮದುವೆ ಸೀರೆಗೆ ಬ್ಲೌಸ್ ಹೊಲಿಸಿದ ಹಾಗೆ. ಮೊದಲು ಕಾರ್ಡ್ ಯಾವುದು ಅಂತ ನಿರ್ಧರಿಸಿ. ಅದರ ಮೆಮೊರಿ ಎಷ್ಟು, ಲೇನ್ ಎಷ್ಟು ನೋಡಿ. ಉಳಿದ ದುಡ್ಡಿನಲ್ಲಿ ಬೋರ್ಡ್ ತಾನಾಗೇ ಗೊತ್ತಾಗುತ್ತದೆ.

ಅರ್ಧ ಪಿಸಿಯಂತೂ ಈಗ ತಗೋಬೇಡಿ. ಆರು ತಿಂಗಳು ಕಾದು ಎಲ್ಲ ಒಟ್ಟಿಗೆ ತಗೊಳ್ಳಿ. ಕಾಲೇಜಿಗೆ ಈಗಲೇ ಬೇಕು ಅಂದರೆ 5600ಜಿ ಜೊತೆ ಎ520 ಸಾಕು, ಎರಡು ರ‍್ಯಾಮ್ ಹಾಕಿ, ಬಿ550 ಆಸೆ ಬಿಡಿ. ಅಂಗಡಿಯಲ್ಲಿ ಯಾರಾದರೂ ಫ್ಯೂಚರ್ ಪ್ರೂಫ್ ಅಂದರೆ ನಕ್ಕು ಪಕ್ಕದ ಡಬ್ಬ ತೋರಿಸಿ ಅನ್ನಿ.

ನಿಮ್ಮ ಎರಡನೇ ಆಯ್ಕೆ, 12400ಎಫ್, ಕಾರ್ಡ್ ಇಲ್ಲದೆ ನಡೆಯುವುದೇ ಇಲ್ಲ. ಆ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಬರುವವರೆಗೆ ಆರು ತಿಂಗಳು ಕಪ್ಪು ಪರದೆ ನೋಡುತ್ತಾ ಕೂರಬೇಕು. ಕಾರ್ಡ್ ಜೊತೆಗೇ ತಗೊಂಡರೆ ಮಾತ್ರ ಒಳ್ಳೇ ಜೋಡಿ. ಆ ಅಗ್ಗದ ಎಚ್610ರಲ್ಲಿ ಕಾರ್ಡಿನ ಸ್ಲಾಟ್ 4.0 ಓಡುತ್ತದೆ, ನನ್ನ ಹತ್ತೂವರೆ ಸಾವಿರದ ಬೋರ್ಡಿನಲ್ಲಿ ಓಡದೇ ಇದ್ದದ್ದು! ಎಚ್610 ಡಿಡಿಆರ್4ಗೂ ಬರುತ್ತದೆ, ಡಿಡಿಆರ್5ಗೂ ಬರುತ್ತದೆ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ಡಬ್ಬದ ಮೇಲೆ ಓದಿಯೇ ದುಡ್ಡು ಕೊಡಿ. ಜಿಎಸ್‌ಟಿ ಬಿಲ್ ಇಸ್ಕೊಳ್ಳಿ, ನಾಳೆ ವಾರಂಟಿಗೆ ಹೋದಾಗ ಅದನ್ನೇ ಕೇಳುತ್ತಾರೆ. ಎಸ್‌ಎಂಪಿಎಸ್‌ನಲ್ಲಿ (ಪಿಸಿಗೆ ಕರೆಂಟ್ ಕೊಡುವ ಡಬ್ಬದಲ್ಲಿ) ದುಡ್ಡು ಉಳಿಸಲು ಹೋಗಬೇಡಿ.

ಯಾವ ಗೇಮ್ ಆಡ್ತೀರಿ, ಮಾನಿಟರ್ ಯಾವುದು, ಯಾವ ಕಾರ್ಡ್ ಮೇಲೆ ಕಣ್ಣಿದೆ ಅಂತ ಕೆಳಗೆ ಬರೆಯಿರಿ. ಬೋರ್ಡ್ ಯಾವುದು ಅಂತ ಆಮೇಲೆ ಹೇಳುತ್ತೇನೆ.